ಹಾಯಿದೋಣಿಗೆ ಹಗುರವಾದ ಗಟ್ಟಿ ಡಿಂಗಿ: ಯಾವುದು ಸರಿ?

ನೀಲಿಹಾಯಿ
ಎಲ್ಲರಿಗೂ ನಮಸ್ಕಾರ. ನಮ್ಮದು 36 ಅಡಿಯ ಹಾಯಿದೋಣಿ. ನಾನು, ನನ್ನ ಹೆಂಡತಿ ಇಬ್ಬರೇ ತಿಂಗಳುಗಟ್ಟಲೆ ಅದರಲ್ಲಿ ಸುತ್ತುತ್ತೇವೆ. ಲಂಗರು ಹಾಕಿದ ಜಾಗದಿಂದ ದಡಕ್ಕೆ ಹೋಗಿಬರಲು ಪಿವಿಸಿಯ ಗಾಳಿ ಡಿಂಗಿ (ಗಾಳಿ ತುಂಬುವ ಚಿಕ್ಕ ದೋಣಿ) ಇದೆ. ಬಿಸಿಲಿಗೆ ಅದರ ಅಂಟು ಬಿಡುತ್ತಿದೆ. ತೇಪೆ ಹಾಕಿ ಹಾಕಿ ಸಾಕಾಯಿತು. ಜೊತೆಗೆ ಅದರಲ್ಲಿ ಹುಟ್ಟು ಹಾಕುವುದು ಅಂದರೆ ಶಿಕ್ಷೆ. ಎದುರು ಗಾಳಿ ಸ್ವಲ್ಪ ಜೋರಾದರೆ ಮುಂದೆ ಹೋಗುವ ಬದಲು ಹಿಂದೆ ಹೋಗುತ್ತದೆ.

ಈ ಸಲ ಗಟ್ಟಿ ಡಿಂಗಿ ತಗೊಳ್ಳೋಣ ಅಂತ ಇಬ್ಬರಿಗೂ ಮನಸ್ಸಾಗಿದೆ. ಬೇಕಾಗಿರುವುದು ಇಷ್ಟು: ಮೂರು ಜನ ಕೂರಬೇಕು, ಹುಟ್ಟಿನಲ್ಲಿ ಚೆನ್ನಾಗಿ ಹೋಗಬೇಕು, ಬೇಕಾದಾಗ ಚಿಕ್ಕ ಮೋಟಾರು ಹಾಕುವಂತಿರಬೇಕು, ದೂರದ ಪ್ರಯಾಣದಲ್ಲಿ ಡೆಕ್ ಮೇಲೆ ಕೂರಬೇಕು. ತೂಕ 35 ಕೆಜಿ ದಾಟಬಾರದು. ಪ್ಲಾಸ್ಟಿಕ್ಕೋ, ಫೈಬರ್‌ಗ್ಲಾಸೋ, ಪ್ಲೈವುಡ್ಡೋ? ಬಳಸಿದವರು ಹೇಳಿ.

ಲಂಗರಪ್ಪ
ಮೊದಲು ಎಲ್ಲಿ ಇಡುತ್ತೀರಿ ಅದು ಹೇಳಿ. ಯಾವ ಡಿಂಗಿ ಅನ್ನೋದು ಆಮೇಲಿನ ಮಾತು.

ನೀಲಿಹಾಯಿ
ಮುಂದಿನ ಡೆಕ್ ಮೇಲೆ, ಮಾಸ್ಟ್ (ಹಾಯಿಕಂಬ) ಮುಂದೆ, ಮಗುಚಿ ಹಾಕುವ ಯೋಚನೆ. ಸರಿಯಾಗಿ ಅಳತೆ ಮಾಡಿಲ್ಲ.

ಗಾಳಿಚೀಲ
ನನ್ನ ಸಲಹೆ ಕೇಳುವುದಾದರೆ ಗಟ್ಟಿ ಡಿಂಗಿ ಬೇಡ. ಅದರ ಅಂಚಿನ ಮೇಲೆ ಒಬ್ಬರು ಕಾಲಿಟ್ಟರೆ ಸಾಕು, ಎಲ್ಲರೂ ನೀರಿಗೆ. ಗಾಳಿ ಡಿಂಗಿಯ ಟ್ಯೂಬ್ ಮೇಲೆ ಇಬ್ಬರು ಕೂತರೂ ಅಲ್ಲಾಡಲ್ಲ. ಈಜಿಕೊಂಡು ಬಂದವರು ನೀರಿನಿಂದಲೇ ಹತ್ತಬಹುದು. ದೊಡ್ಡ ದೋಣಿಯ ಬಣ್ಣಕ್ಕೆ ಉಜ್ಜಿದರೂ ಗೀರು ಬೀಳಲ್ಲ. ನಿಮ್ಮದು ಪಿವಿಸಿ, ಅದಕ್ಕೇ ಬಿಸಿಲಿಗೆ ಹೋಗಿದೆ. ಹೈಪಲಾನ್ ತಗೊಳ್ಳಿ, ಮುಗೀತು.

ತೇಲುಬೆಂಡು
ಹೈಪಲಾನ್ ಅನ್ನೋದು ಡ್ಯೂಪಾಂಟ್ ಇಟ್ಟ ಹೆಸರು. ಅವರು ಅದನ್ನು ತಯಾರಿಸುವುದನ್ನು 2010ರಲ್ಲೇ ನಿಲ್ಲಿಸಿದರು. ಈಗ ಬರುವುದು ಬೇರೆಯವರು ಮಾಡುವ ಅದೇ ಜಾತಿಯ ರಬ್ಬರ್. ಬಿಸಿಲು ತಡೆಯುತ್ತದೆ, ನಿಜ. ಆದರೆ ಹುಟ್ಟು ಹಾಕಲು ಅದೂ ಅಷ್ಟೇ ಕಷ್ಟ. ಅವರು ಕೇಳಿದ್ದೇ ಅದನ್ನಲ್ವಾ?

ಗಾಳಿಚೀಲ
ಮೋಟಾರು ಇರುವಾಗ ಹುಟ್ಟು ಯಾಕೆ ಬೇಕು ಸ್ವಾಮಿ?

ಹುಟ್ಟುಗೋಲು
ಮೋಟಾರು ಕೈಕೊಟ್ಟಾಗ ಬೇಕು ಸ್ವಾಮಿ. ದಡದಿಂದ ಬೀಸುವ ಗಾಳಿ ಇದ್ದು, ಕತ್ತಲಾಗಿ, ಮೋಟಾರು ಶುರುವಾಗದೆ ಹೋದರೆ ಗಾಳಿ ಡಿಂಗಿಯ ಗೊಂಬೆ ಹುಟ್ಟುಗಳಿಂದ ಏನೂ ಆಗಲ್ಲ. ನೇರ ಸಮುದ್ರಕ್ಕೆ ಹೋಗುತ್ತೀರಿ. ಚೆನ್ನಾಗಿ ಹುಟ್ಟು ಹಾಕಬಲ್ಲ ದೋಣಿ ಅಂದರೆ ಅದೇ ಒಂದು ಸುರಕ್ಷತಾ ಸಾಧನ. ಇದನ್ನು ಎಲ್ಲರೂ ಮರೆತಿದ್ದಾರೆ.

ಎಪಾಕ್ಸಿ_ಕೈ
35 ಕೆಜಿ ಅಂತ ಹೇಳಿದಿರಿ. ಅದರಲ್ಲಿ ಒಂದು ಮೋಸ ಇದೆ. ಕಂಪನಿಯವರು ಹೇಳುವ ತೂಕ ಬರಿ ದೋಣಿಯದು. ಅದಕ್ಕೆ ಹುಟ್ಟು, ಅಂಚಿನ ಸುತ್ತ ರಬ್ಬರ್, ಚಿಕ್ಕ ಲಂಗರು, ಹಗ್ಗ, ನೀರೆತ್ತುವ ಡಬ್ಬ ಎಲ್ಲ ಸೇರಿಸಿದರೆ ಹತ್ತು ಕೆಜಿ ಹೆಚ್ಚಾಗುತ್ತದೆ. 2ರಿಂದ 2.5 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಮೋಟಾರು 13ರಿಂದ 18 ಕೆಜಿ. ಪೆಟ್ರೋಲ್ ಕ್ಯಾನು ಬೇರೆ.

ಇನ್ನೊಂದು ವಿಷಯ. ಎಲ್ಲರೂ ಡೆಕ್ ಮೇಲೆ ಎತ್ತುವ ಲೆಕ್ಕದಲ್ಲೇ ತೂಕ ನೋಡುತ್ತಾರೆ. ಅಲ್ಲಿ ನಿಮಗೆ ಹಗ್ಗ ಎಳೆಯುವ ವಿಂಚ್ ಇದೆ, ಹಾಯಿ ಏರಿಸುವ ಹ್ಯಾಲ್ಯರ್ಡ್ ಇದೆ. 60 ಕೆಜಿ ಆದರೂ ಎತ್ತಬಹುದು. ದಡದಲ್ಲಿ ಏನಿದೆ? ಇಳಿತ ಆದ ಮೇಲೆ ನೀರು ಎಲ್ಲೋ ದೂರ ಹೋಗಿರುತ್ತದೆ. ಕಲ್ಲಿನ ಮೇಲೆ, ಕೆಸರಿನ ಮೇಲೆ ಇಬ್ಬರೇ ಹೊತ್ತುಕೊಂಡು ಹೋಗಬೇಕು. ತೂಕದ ಮಿತಿ ಹಾಕಿಕೊಳ್ಳಬೇಕಾದ್ದು ಅಲ್ಲಿಯ ಲೆಕ್ಕದಲ್ಲಿ.

ಕಡಲಹಕ್ಕಿ
ಇದನ್ನು ನಾನೂ ಒಪ್ಪುತ್ತೇನೆ. ನಮ್ಮ ಮನೆಯವರು ಹೇಳುವ "ಹಗುರ" ಬೇರೆ, ನನ್ನ ಸೊಂಟ ಹೇಳುವ "ಹಗುರ" ಬೇರೆ. ನೀಲಿಹಾಯಿ ಅವರೇ, ನಿಮ್ಮ ಹೆಂಡತಿಯನ್ನು ಕೇಳಿ ತೂಕ ತೀರ್ಮಾನ ಮಾಡಿ. ಸಾಧ್ಯವಾದರೆ ಅದೇ ತೂಕದ ಯಾವುದಾದರೂ ದೋಣಿಯನ್ನು ಇಬ್ಬರೂ ಒಮ್ಮೆ ಎತ್ತಿ ನೋಡಿ.

ನೀಲಿಹಾಯಿ
ಮೇಡಂ, ಈ 35 ಅನ್ನೋದು ಅವಳೇ ಕೊಟ್ಟ ಅಂಕಿ 🙂

ಅಳತೆಪಟ್ಟಿ
ಮೂರು ಜನ ಅಂದಿರಲ್ಲ, ಒಂದು ಲೆಕ್ಕ ಹೇಳುತ್ತೇನೆ. 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ದೋಣಿ ಅಂದುಕೊಳ್ಳಿ. ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಇಡೀ ಆಯತದ ಮೂರನೇ ಎರಡು ಭಾಗ ಇರುತ್ತದೆ, ಹತ್ತಿರ ಹತ್ತಿರ 1.9 ಚದರ ಮೀಟರ್. ಅಂದರೆ ಒಂದು ಸೆಂಟಿಮೀಟರ್ ಮುಳುಗಲು 19 ಕೆಜಿ ಬೇಕು. ಮೂರು ಜನ, ಸಾಮಾನು, ದೋಣಿಯ ತೂಕ ಎಲ್ಲ ಸೇರಿ 300 ಕೆಜಿ ಆದರೆ 16 ಸೆಂಟಿಮೀಟರ್ ಮುಳುಗುತ್ತದೆ. ಕೆಳಗೆ ದೋಣಿ ಕಿರಿದಾಗುವುದರಿಂದ ನಿಜವಾಗಿ ಇನ್ನೂ ಎರಡು ಮೂರು ಸೆಂಟಿಮೀಟರ್ ಜಾಸ್ತಿ. ಬದಿಯ ಎತ್ತರ 45 ಸೆಂಟಿಮೀಟರ್ ಇದ್ದರೆ ನೀರಿನ ಮೇಲೆ ಉಳಿಯುವುದು 26 ಇರಬಹುದು. ನೀರು ಶಾಂತವಾಗಿದ್ದರೆ ಸಾಕು. ಅಲೆ ಇದ್ದರೆ ಒದ್ದೆ ಆಗುವುದು ಗ್ಯಾರಂಟಿ.

ಅಮೆರಿಕದಲ್ಲಿ ಒಂದು ಹಳೆಯ ಸೂತ್ರ ಇದೆ. ಉದ್ದವನ್ನು ಅಗಲದಿಂದ ಗುಣಿಸಿ, 15ರಿಂದ ಭಾಗಿಸಿ, ಎಲ್ಲ ಅಡಿಗಳಲ್ಲಿ. ಬಂದಷ್ಟು ಜನ ಕೂರಬಹುದು. 8 ಅಡಿ, 4 ಅಡಿಗೆ ಎರಡು ಜನ ಬರುತ್ತಾರೆ. ಮೂರಲ್ಲ.

ಹುಟ್ಟುಗೋಲು
ಹಾಗಂತ ಎಂಟಡಿಯಲ್ಲಿ ಮೂರು ಜನ ಹೋಗೋದೇ ಇಲ್ವಾ? ದಿನಾ ಹೋಗ್ತಾರೆ. ಯಾರು ಎಲ್ಲಿ ಕೂರುತ್ತಾರೆ ಅನ್ನೋದು ಮುಖ್ಯ. ಹುಟ್ಟು ಹಾಕಲು ಎರಡು ಜಾಗ ಇರುವ ದೋಣಿ ನೋಡಿ. ಒಬ್ಬರೇ ಇದ್ದಾಗ ಅಥವಾ ಮೂವರಿದ್ದಾಗ ನಡುವಿನ ಸೀಟು. ಇಬ್ಬರಿದ್ದರೆ ಹುಟ್ಟು ಹಾಕುವವರು ಮುಂದಿನ ಸೀಟಿಗೆ, ಇನ್ನೊಬ್ಬರು ಹಿಂದಿನ ಸೀಟಿಗೆ. ಒಂದೇ ಜೋಡಿ ಓರ್‌ಲಾಕ್ (ಅಂಚಿನಲ್ಲಿ ಹುಟ್ಟು ಕೂರಿಸುವ ಕೊಂಡಿ) ಇದ್ದರೆ ಇಬ್ಬರು ಕೂತಾಗ ಹಿಂಭಾಗ ಮುಳುಗಿ ಮೂತಿ ಮೇಲೇಳುತ್ತದೆ. ಆಮೇಲೆ ಎಷ್ಟು ಎಳೆದರೂ ಅಷ್ಟೇ.

ಸುಮ್ನೆ_ಓದುಗ
ಹಳೆಯ ಆಪ್ಟಿಮಿಸ್ಟ್ ದೋಣಿ ಆಗಲ್ವಾ? ಮಕ್ಕಳು ಹಾಯಿ ಕಲಿಯೋದು. ಎಲ್ಲ ಕಡೆ ಅಗ್ಗಕ್ಕೆ ಸಿಗುತ್ತೆ. ತೂಕ 35 ಕೆಜಿ, ಅವರು ಕೇಳಿದಷ್ಟೇ.

ಎಪಾಕ್ಸಿ_ಕೈ
ಸಿಗುತ್ತೆ. ಆದರೆ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಅದನ್ನು ಮಾಡಿದ್ದು ಒಂದು ಮಗುವಿಗಾಗಿ. ನಡುವೆ ಡ್ಯಾಗರ್‌ಬೋರ್ಡ್ (ಹಾಯಿ ಹಾಕಿದಾಗ ನೀರಿಗೆ ಇಳಿಸುವ ಹಲಗೆ) ಪೆಟ್ಟಿಗೆ ಅಡ್ಡ ಬರುತ್ತದೆ, ಕಾಲಿಡಲು ಜಾಗ ಇಲ್ಲ, ಓರ್‌ಲಾಕ್ ಇಲ್ಲ, ಬದಿಗಳು ಗಿಡ್ಡ. ಇಬ್ಬರು ದೊಡ್ಡವರು ಸಾಮಾನಿನ ಜೊತೆ ಕೂತರೆ ಅಂಚಿಗೆ ನೀರು ಬರುತ್ತದೆ. ಬದಲಾಯಿಸುವ ಕೆಲಸದಲ್ಲಿ ಹೊಸದನ್ನೇ ಕಟ್ಟಬಹುದು.

ಹಳೇಕ್ಯಾಪ್ಟನ್
ಹಗುರ ಹಗುರ ಅಂತ ಎಲ್ಲರೂ ಕುಣಿಯುತ್ತಿದ್ದೀರಿ. ತೀರಾ ಹಗುರವಾದ ದೋಣಿಯ ಕಷ್ಟ ಯಾರೂ ಹೇಳುತ್ತಿಲ್ಲ. 30 ಕೆಜಿಯ ದೋಣಿಯಲ್ಲಿ 80 ಕೆಜಿಯ ಮನುಷ್ಯ ಎದ್ದು ನಿಂತರೆ ಒಟ್ಟು ತೂಕದ ಮುಕ್ಕಾಲು ಭಾಗ ಎತ್ತರಕ್ಕೆ ಹೋದ ಹಾಗೆ. ದೋಣಿ ಮನುಷ್ಯನನ್ನು ಹಿಡಿದು ನಿಲ್ಲಿಸಲ್ಲ, ಮನುಷ್ಯನೇ ದೋಣಿಯನ್ನು ಮಗುಚುತ್ತಾನೆ. 60 ಕೆಜಿಯ ಹಳೆಯ ಫೈಬರ್ ದೋಣಿ ಹಾಗೆ ಮಾಡಲ್ಲ.

ಎರಡನೆಯದು, ಹುಟ್ಟು ಹಾಕುವಾಗ ಹಗುರ ದೋಣಿಗೆ ಓಟ ಉಳಿಯಲ್ಲ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಎದುರು ಗಾಳಿ ಅದನ್ನು ನಿಲ್ಲಿಸಿಬಿಡುತ್ತದೆ. ಭಾರದ ದೋಣಿ ಜಾರಿಕೊಂಡು ಹೋಗುತ್ತದೆ.

ಮೂರನೆಯದು, ರಾತ್ರಿ ಹಿಂದೆ ಕಟ್ಟಿ ಬಿಟ್ಟಾಗ ಒಂದು ಬಿರುಗಾಳಿ ಬಂದರೆ ಗಾಳಿಪಟದ ಹಾಗೆ ಎದ್ದು ಮಗುಚಿಕೊಳ್ಳುತ್ತದೆ. ಮೋಟಾರು ಹಾಕಿದ್ದರೆ ಅದೂ ನೀರಲ್ಲಿ.

ಎಪಾಕ್ಸಿ_ಕೈ
ಕ್ಯಾಪ್ಟನ್ ಸರ್, ಎರಡನೆಯ ಮಾತು ಅರ್ಧ ಸರಿ. ಜನ ಕೂತ ಮೇಲೆ ಒಟ್ಟು ತೂಕ 30 ಅಲ್ಲ, 200. ದೋಣಿಯಲ್ಲಿ 25 ಕೆಜಿ ಉಳಿಸಿದರೆ ಓಟದಲ್ಲಿ ಅಂಥ ವ್ಯತ್ಯಾಸ ಆಗಲ್ಲ. ಒಬ್ಬರೇ ಖಾಲಿ ದೋಣಿಯಲ್ಲಿ ಹೋಗುವಾಗ ಮಾತ್ರ ಗೊತ್ತಾಗುತ್ತದೆ. ಮೊದಲನೆಯದನ್ನು ಒಪ್ಪಿದೆ. ಅದಕ್ಕೇ ದೋಣಿಯೊಳಗೆ ನಿಲ್ಲಬಾರದು. ನಡುವೆ ಕಾಲಿಟ್ಟು ತಕ್ಷಣ ಕೂರಬೇಕು.

ಗಾಳಿಚೀಲ
ನೋಡಿ, ನಾನು ಹೇಳಿದ್ದನ್ನೇ ಕ್ಯಾಪ್ಟನ್ನರೂ ಹೇಳಿದರು!

ಹಳೇಕ್ಯಾಪ್ಟನ್
ನಾನು ನಿಮ್ಮ ಪರ ಅಲ್ಲ. ನಿಮ್ಮ ಗಾಳಿ ಡಿಂಗಿ ನನ್ನ ಮಾತಿನ ಎರಡನೆಯದರಲ್ಲೂ ಮೂರನೆಯದರಲ್ಲೂ ಇನ್ನೂ ಕೆಟ್ಟದು.

ನೀಲಿಹಾಯಿ
ಪ್ಲಾಸ್ಟಿಕ್ ದೋಣಿಗಳ ಬಗ್ಗೆ ಯಾರಾದರೂ ಹೇಳಿ. ವಾಕರ್ ಬೇ 8 ಹಳೆಯದೊಂದು ಸಿಗುವಂತಿದೆ. 32 ಕೆಜಿ ಅಂತಾರೆ.

ಕಡಲಹಕ್ಕಿ
ನಮ್ಮ ಹತ್ತಿರ ಇತ್ತು. ಹುಟ್ಟಿನಲ್ಲಿ ನೇರವಾಗಿ, ಸಲೀಸಾಗಿ ಹೋಗುತ್ತದೆ. ಕಲ್ಲಿನ ಮೇಲೆ ಎಳೆದರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಕಿರಿದು, ಹತ್ತುವಾಗ ಇಳಿಯುವಾಗ ಎದೆ ಧಸಕ್ ಅನ್ನುತ್ತದೆ. ಸುತ್ತ ಗಾಳಿ ಟ್ಯೂಬ್ ಕಟ್ಟುವ ಸೌಲಭ್ಯ ಇದೆ. ಅದು ಹಾಕಿದರೆ ಅಲ್ಲಾಟ ನಿಲ್ಲುತ್ತದೆ, ತೂಕ ಏರುತ್ತದೆ, ಹುಟ್ಟು ಹಾಕುವ ಸುಖ ಕಡಿಮೆಯಾಗುತ್ತದೆ. ಇಬ್ಬರಿಗೆ ಸರಿ. ಮೂವರಿಗೆ ನಾನು ಹೇಳಲ್ಲ.

ತೇಲುಬೆಂಡು
ಪ್ಲಾಸ್ಟಿಕ್ ತಗೊಳ್ಳುವ ಮೊದಲು ಒಂದು ತಿಳಿದಿರಲಿ: ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟು ಕೂರಲ್ಲ. ಬಿರುಕು ಬಿಟ್ಟರೆ ಬಿಸಿ ಮಾಡಿ ಬೆಸೆಯಬೇಕು. ಫೈಬರ್‌ಗ್ಲಾಸ್ ಅಥವಾ ಪ್ಲೈವುಡ್ ಆದರೆ ಎಪಾಕ್ಸಿ ಅಂಟು, ಗ್ಲಾಸ್ ಬಟ್ಟೆ ಇದ್ದರೆ ಎಲ್ಲಿ ಬೇಕಾದರೂ ರಿಪೇರಿ. ಹಳೆಯ ಪ್ಲಾಸ್ಟಿಕ್ ದೋಣಿ ನೋಡಲು ಹೋದಾಗ ಓರ್‌ಲಾಕ್ ಸುತ್ತ, ಮೋಟಾರು ಹಾಕುವ ಹಲಗೆಯ ಮೂಲೆಗಳಲ್ಲಿ ಕೂದಲೆಳೆ ಬಿರುಕು ಇದೆಯಾ ನೋಡಿ.

ಸುಮ್ನೆ_ಓದುಗ
ಪ್ಲಾಸ್ಟಿಕ್ ಅಂತೂ ಮುಳುಗಲ್ಲ ಬಿಡಿ. ಅದು ನೀರಿಗಿಂತ ಹಗುರ.

ಅಳತೆಪಟ್ಟಿ
ಮುಳುಗಲ್ಲ, ಆದರೆ ಅಷ್ಟೇ! ಆ ಪ್ಲಾಸ್ಟಿಕ್ಕಿನ ಸಾಂದ್ರತೆ 0.95 ಆಸುಪಾಸು. 32 ಕೆಜಿಯ ದೋಣಿ ನೀರು ತುಂಬಿಕೊಂಡಾಗ ಉಪ್ಪು ನೀರಿನಲ್ಲಿ ಅದು ಎತ್ತಿ ಹಿಡಿಯುವುದು ಎರಡು ಮೂರು ಕೆಜಿ ಮಾತ್ರ. ಮೋಟಾರು ಹಾಕಿದ್ದರೆ ತಳ ಸೇರುತ್ತದೆ. ಫೈಬರ್‌ಗ್ಲಾಸ್ ನೀರಿಗಿಂತ ಭಾರ, ಅದು ಹಾಗೇ ಮುಳುಗುತ್ತದೆ. ಯಾವುದೇ ಇರಲಿ, ಸೀಟಿನ ಕೆಳಗೆ ಮುಚ್ಚಿದ ಗಾಳಿಪೆಟ್ಟಿಗೆ ಅಥವಾ ಫೋಮ್ ಇರಲೇಬೇಕು. ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ ಬೇಕಂತಲೇ ನೀರು ತುಂಬಿ ಒಳಗೆ ಕೂತು ನೋಡಿ. ಕೂತುಕೊಂಡೇ ನೀರು ಹೊರಗೆ ಹಾಕಲು ಆಗಬೇಕು. ಅಂಚು ನೀರಿನ ಮಟ್ಟದಲ್ಲೇ ಇದ್ದರೆ ಹಾಕಿದಷ್ಟೂ ವಾಪಸ್ ಬರುತ್ತದೆ.

ಲಂಗರಪ್ಪ
ಡೆಕ್ ಅಳತೆ ಬಂತಾ?

ನೀಲಿಹಾಯಿ
ಇವತ್ತು ಮಾಡಿದೆ. ಮಾಸ್ಟಿನಿಂದ ಲಂಗರು ಎತ್ತುವ ವಿಂಡ್‌ಲಾಸ್‌ವರೆಗೆ 2.5 ಮೀಟರ್. ನಡುವೆ ಗಾಳಿ ಬರುವ ಹ್ಯಾಚ್ ಇದೆ. ಎರಡೂ ಕಡೆ ನಡೆದಾಡಲು ಜಾಗ ಬಿಟ್ಟರೆ ಅಗಲ 1.25.

ಲಂಗರಪ್ಪ
ಹಾಗಾದರೆ 2.35 ಮೀಟರ್‌ಗಿಂತ ಉದ್ದದ್ದು ಬೇಡ. ವಿಂಡ್‌ಲಾಸ್ ಹತ್ತಿರ ಮಂಡಿಯೂರಿ ಕೆಲಸ ಮಾಡಲು ಜಾಗ ಬೇಕು, ಅದೂ ಕತ್ತಲಲ್ಲಿ. ರಟ್ಟಿನ ಡಬ್ಬಗಳನ್ನು ಕತ್ತರಿಸಿ ಅದೇ ಅಳತೆಯ ಆಕಾರ ಮಾಡಿ ಡೆಕ್ ಮೇಲೆ ಇಟ್ಟು ನೋಡಿ. ಎತ್ತರವನ್ನೂ ಸೇರಿಸಿ. ಚುಕ್ಕಾಣಿ ಹಿಡಿದು ಕೂತಾಗ ಮುಂದೆ ಕಾಣಬೇಕು. ಮುಂದಿನ ಹಾಯಿಯ ಹಗ್ಗಗಳು ಸಿಕ್ಕಿಕೊಳ್ಳಬಾರದು. ಒಳಗಿನಿಂದ ಹ್ಯಾಚ್ ತೆರೆಯಬೇಕು. ಅದು ಬೆಂಕಿ ಬಿದ್ದಾಗ ಹೊರಗೆ ಬರುವ ದಾರಿ, ಅದನ್ನು ಮುಚ್ಚಿ ಮಲಗಬೇಡಿ.

ಹುಟ್ಟುಗೋಲು
2.35ರಲ್ಲಿ ಮೂರು ಜನ ಅಂದರೆ ಮೂತಿ ಚೂಪಾಗಿರುವ ದೋಣಿ ಬೇಡ, ಚಪ್ಪಟೆ ಮೂತಿಯ ಪ್ರಾಮ್ ತಗೊಳ್ಳಿ. ಅದೇ ಉದ್ದದಲ್ಲಿ ಮುಂದೆ ಜಾಸ್ತಿ ಜಾಗ, ಜಾಸ್ತಿ ತೇಲುವಿಕೆ. ನೋಡಲು ಚೆಂದ ಇಲ್ಲ ಅಂತಾರೆ, ನನಗೇನೂ ಹಾಗೆ ಅನಿಸಲ್ಲ. ಎದುರು ಅಲೆಗೆ ಸ್ವಲ್ಪ ಪಟಪಟ ಹೊಡೆಯುತ್ತದೆ, ಒಪ್ಪಿದೆ. ಮೂತಿಯನ್ನು ಚೆನ್ನಾಗಿ ಮೇಲಕ್ಕೆತ್ತಿ ವಿನ್ಯಾಸ ಮಾಡಿದ್ದರೆ ಅದೂ ಕಡಿಮೆ. ತಳದಲ್ಲಿ ಹಿಂದೆ ಒಂದು ಸ್ಕೆಗ್ (ನೇರ ಹೋಗಿಸುವ ರೆಕ್ಕೆಯಂಥ ಹಲಗೆ) ಇರಲೇಬೇಕು, ಇಲ್ಲದಿದ್ದರೆ ಗಿರಗಿರ ತಿರುಗುತ್ತದೆ.

ಎಪಾಕ್ಸಿ_ಕೈ
ನೀವೇ ಕಟ್ಟಿಕೊಳ್ಳಿ ಅಂತ ನಾನು ಹೇಳುತ್ತೇನೆ. ಇದು ನಮ್ಮವರು ಹೆದರುವಷ್ಟು ದೊಡ್ಡ ಕೆಲಸ ಅಲ್ಲ. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಮೂಲೆಗಳಿಗೆ ಎಪಾಕ್ಸಿ ತುಂಬಿ, ಮೇಲೆ ಗ್ಲಾಸ್ ಬಟ್ಟೆ ಹಾಕುವುದು. 1960ರ ದಶಕದಲ್ಲಿ ಜ್ಯಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ಸೇರಿ ಮಾಡಿದ ಮಿರರ್ ಡಿಂಗಿಯಿಂದ ಈ ವಿಧಾನ ಮನೆಮನೆಗೆ ಹೋಯಿತು. ದೋಣಿ ಕಟ್ಟಿ ಗೊತ್ತಿಲ್ಲದವರು ಗ್ಯಾರೇಜಿನಲ್ಲಿ ಸಾವಿರಾರು ದೋಣಿ ಕಟ್ಟಿದರು. ಅದೂ ಪ್ರಾಮ್ ಮೂತಿಯದೇ.

ತೂಕದ ಲೆಕ್ಕ ನೋಡಿ. ಒಕುಮೆ ಮರದ ಮೆರೈನ್ ಪ್ಲೈವುಡ್, 2.44 ಮೀಟರ್‌ಗೆ 1.22 ಮೀಟರ್ ಹಾಳೆ. 6 ಮಿಮೀ ದಪ್ಪದ್ದು ಎಂಟೂವರೆ ಕೆಜಿ, 4 ಮಿಮೀ ಆರಕ್ಕಿಂತ ಕಡಿಮೆ. ಎಂಟಡಿ ಪ್ರಾಮ್‌ಗೆ ಎರಡೂವರೆ ಹಾಳೆ ಸಾಕು. ತಳಕ್ಕೆ 6, ಬದಿಗಳಿಗೆ 4 ಹಾಕಿದರೆ ಮರ ಹದಿನೇಳು ಹದಿನೆಂಟು ಕೆಜಿಗೆ ಮುಗಿಯುತ್ತದೆ. ಎಪಾಕ್ಸಿ, ಬಟ್ಟೆ, ಅಂಚುಪಟ್ಟಿ, ಸೀಟು ಸೇರಿ 30ರ ಹತ್ತಿರ. ಚೆಸಪೀಕ್ ಲೈಟ್ ಕ್ರಾಫ್ಟ್‌ನವರ ಈಸ್ಟ್‌ಪೋರ್ಟ್ ಪ್ರಾಮ್ 7 ಅಡಿ 9 ಇಂಚು ಉದ್ದ, ಸುಮಾರು 28 ಕೆಜಿ. ನಿಮ್ಮ ಡೆಕ್‌ಗೆ ಹೇಳಿ ಮಾಡಿಸಿದ ಹಾಗಿದೆ.

ತೂಕ ಏರುವುದು ಎಪಾಕ್ಸಿಯಲ್ಲಿ. ಕಂಡ ಕಂಡಲ್ಲಿ ಸುರಿದರೆ ಐದಾರು ಕೆಜಿ ಸುಮ್ನೆ ಹೋಗುತ್ತದೆ. ಬಟ್ಟೆಯ ನೇಯ್ಗೆ ಕಾಣುವ ಹಾಗೆ ಎಪಾಕ್ಸಿಯನ್ನು ಸವರಿ ತೆಗೆಯಿರಿ. ಕಲ್ಲು ತಾಗುವ ತಳಕ್ಕೆ ಮಾತ್ರ ಇನ್ನೊಂದು ಪದರ ಬಟ್ಟೆ, ಕೀಲ್ (ತಳದ ನಡುಪಟ್ಟಿ) ಮೇಲೆ ಸವೆಯುವ ಪಟ್ಟಿ.

ಗಾಳಿಚೀಲ
4 ಮಿಮೀ ಪ್ಲೈವುಡ್! ಒಂದು ಹಿಮ್ಮಡಿ ಇಟ್ಟರೆ ತೂತು.

ಎಪಾಕ್ಸಿ_ಕೈ
ಬದಿಗೆ ಹಿಮ್ಮಡಿ ಯಾರು ಇಡ್ತಾರೆ? ಎರಡೂ ಕಡೆ ಗ್ಲಾಸ್ ಹಾಕಿದ 4 ಮಿಮೀ ಹಲಗೆ ಎಷ್ಟು ಗಟ್ಟಿ ಅಂತ ಒಂದು ಚೂರು ಮಾಡಿ ಸುತ್ತಿಗೆ ತಗೊಂಡು ನೋಡಿ.

ಹಳೇಕ್ಯಾಪ್ಟನ್
ಎಪಾಕ್ಸಿ ಗುರುಗಳೇ, ಬಿಸಿಲಿನ ಮಾತು ಬಿಟ್ಟಿರಿ. ಬರಿ ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ. ಮೇಲೆ ಬಣ್ಣ ಅಥವಾ ಯುವಿ ತಡೆಯುವ ವಾರ್ನಿಶ್ ಬೇಕೇ ಬೇಕು. ತಿಳಿ ಬಣ್ಣ ಇರಲಿ, ಕಡು ಬಣ್ಣ ಕಾದು ಎಪಾಕ್ಸಿಯನ್ನು ಮೆತ್ತಗೆ ಮಾಡುತ್ತದೆ.

ಎಪಾಕ್ಸಿ_ಕೈ
ಸರಿ ಸರ್.

ದೂರತೀರ
ಬೇರೆ ದಾರಿ ಹೇಳಲಾ? ಎರಡು ತುಂಡಿನ ನೆಸ್ಟಿಂಗ್ ಡಿಂಗಿ. ನಡುವೆ ಕತ್ತರಿಸಿದಂತೆ ಇರುತ್ತದೆ, ಮುಂದಿನ ಅರ್ಧ ಹಿಂದಿನ ಅರ್ಧದೊಳಗೆ ಕೂರುತ್ತದೆ. 11 ಅಡಿಯ ದೋಣಿ ಡೆಕ್ ಮೇಲೆ ಸುಮಾರು 6 ಅಡಿ ಜಾಗದಲ್ಲಿ ಮುಗಿಯುತ್ತದೆ. ಪ್ರತಿ ಅರ್ಧಕ್ಕೂ ತನ್ನದೇ ಅಡ್ಡಗೋಡೆ ಇರುವುದರಿಂದ ಜೋಡಿಸುವ ಜಾಗದಲ್ಲಿ ನೀರು ಒಳಗೆ ಬರುವ ಪ್ರಶ್ನೆ ಇಲ್ಲ. ಡ್ಯಾನಿ ಗ್ರೀನ್ ಅವರ ಕಮೀಲಿಯನ್, ರಸೆಲ್ ಬ್ರೌನ್ ಅವರ ಪಿಟಿ11, ಬಿ ಅಂಡ್ ಬಿ ಅನ್ನುವ ವಿನ್ಯಾಸ ಕಂಪನಿಯವರ ಸ್ಪಿನ್‌ಡ್ರಿಫ್ಟ್ ನೋಡಿ. ಅರ್ಧ ಅರ್ಧ ಎತ್ತುವುದರಿಂದ ಒಬ್ಬರೇ ಸಾಕು. ಮೂರು ಜನ, ಸಾಮಾನು ಎಲ್ಲ ಆರಾಮಾಗಿ. 11 ಅಡಿಯ ದೋಣಿ ಹುಟ್ಟಿನಲ್ಲಿ ಹೋಗುವ ಚೆಂದವೇ ಬೇರೆ, 8 ಅಡಿಯದಕ್ಕೆ ಆ ಓಟ ಬರಲ್ಲ.

ಅಳತೆಪಟ್ಟಿ
ಓಟದ ಮಾತು ನಿಜ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗ ನೀರಿನ ಮಟ್ಟದ ಉದ್ದದ ಮೇಲೆ ನಿಂತಿದೆ. ಅಡಿಗಳ ವರ್ಗಮೂಲಕ್ಕೆ 1.34ರಿಂದ ಗುಣಿಸಿ. 7 ಅಡಿಗೆ ಮೂರೂವರೆ ನಾಟ್ (ಗಂಟೆಗೆ ಅಷ್ಟು ಕಡಲ ಮೈಲಿ), 10 ಅಡಿಗೆ ನಾಲ್ಕೂಕಾಲು. ಅದಕ್ಕೇ ಎಂಟಡಿ ಡಿಂಗಿಗೆ 6 ಅಶ್ವಶಕ್ತಿ ಹಾಕುವುದು ದಂಡ. ಹಿಂಭಾಗ ಮುಳುಗಿ ಅಲೆ ಎಬ್ಬಿಸುತ್ತದೆಯೇ ಹೊರತು ಮುಂದೆ ಹೋಗಲ್ಲ. 2 ಸಾಕು. ದೂರದ ಹವಳದ ದಿಬ್ಬಕ್ಕೆ ಜೋರಾಗಿ ಹೋಗಬೇಕು ಅನ್ನುವವರಿಗೆ ಗಟ್ಟಿ ತಳದ ಗಾಳಿ ಡಿಂಗಿ, 15 ಅಶ್ವಶಕ್ತಿ. ಅಲ್ಲಿ ಗಾಳಿಚೀಲ ಅವರ ಮಾತು ಸರಿ.

ಗಾಳಿಚೀಲ
ಅಂತೂ ಒಬ್ಬರು ಒಪ್ಪಿದರು.

ಕಡಲಹಕ್ಕಿ
ನೆಸ್ಟಿಂಗ್ ಬಗ್ಗೆ ಒಂದು ಮಾತು. ಜೋಡಿಸುವುದು ಎರಡು ನಿಮಿಷದ ಕೆಲಸ ಅಂತ ವಿಡಿಯೋದಲ್ಲಿ ತೋರಿಸುತ್ತಾರೆ, ಕನ್ನಡಿಯಂಥ ನೀರಿನಲ್ಲಿ. ಅಲೆ ಇದ್ದಾಗ ಎರಡು ತುಂಡು ಬೇರೆ ಬೇರೆ ಕುಣಿಯುತ್ತವೆ, ಬೆರಳು ಸಿಕ್ಕಿಕೊಳ್ಳುತ್ತದೆ. ಡೆಕ್ ಮೇಲೆಯೇ ಜೋಡಿಸಿ ಇಳಿಸೋಣ ಅಂದರೆ 11 ಅಡಿ ಜಾಗ ಬೇಕು. ರಾತ್ರಿ ಲಂಗರು ಜಾರಿ ತಕ್ಷಣ ಡಿಂಗಿ ಇಳಿಸಬೇಕಾದರೆ ನನಗೆ ಒಂದೇ ತುಂಡಿನದೇ ಬೇಕು.

ದೂರತೀರ
ದಿನಾ ಬಿಚ್ಚಿ ಜೋಡಿಸುವ ಅಗತ್ಯ ಇಲ್ಲ ಮೇಡಂ. ಒಂದು ಕಡೆ ಲಂಗರು ಹಾಕಿದರೆ ಹೊರಡುವವರೆಗೆ ಜೋಡಿಸಿಯೇ ಇರುತ್ತದೆ.

ಸುಮ್ನೆ_ಓದುಗ
ಮಡಚುವ ಪೋರ್ಟಾ ಬೋಟ್? ಮಡಚಿದರೆ ಹತ್ತು ಸೆಂಟಿಮೀಟರ್ ದಪ್ಪ, ಬದಿಯ ಕಂಬಿಗೆ ಕಟ್ಟಿಬಿಡಬಹುದು.

ತೇಲುಬೆಂಡು
ಒಳ್ಳೆಯ ಯೋಚನೆಯೇ. ಸೀಟುಗಳನ್ನು ಬೇರೆ ಇಡಬೇಕು, ತಳ ಕಾಲಡಿ ಸ್ವಲ್ಪ ಬಳುಕುತ್ತದೆ. ಬದಿಗೆ ಹಲಗೆ ಕಟ್ಟಿಕೊಂಡು ದೊಡ್ಡ ಸಮುದ್ರದಲ್ಲಿ ಹೋಗುವುದು ಮಾತ್ರ ನನಗೆ ಇಷ್ಟ ಇಲ್ಲ. ಒಂದು ದೊಡ್ಡ ಅಲೆ ಬಂದು ಅದಕ್ಕೆ ಹೊಡೆದರೆ ಕಂಬಿಯ ಕಾಲುಗಳೂ ಹೋಗುತ್ತವೆ.

ದೂರತೀರ
ತೂಕವೇ ಮುಖ್ಯ ಅನ್ನುವವರು ಪ್ಲಾಟ್ ಮಾನ್‌ಫರ್ಟ್ ಅವರ ಜಿಯೊಡೆಸಿಕ್ ದೋಣಿಗಳನ್ನೂ ನೋಡಿ. ತೆಳು ಮರದ ಚೌಕಟ್ಟು, ಕರ್ಣರೇಖೆಯಲ್ಲಿ ಕೆವ್ಲರ್ ಎಳೆಗಳು, ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಬಿಗಿ ಮಾಡಿದ ಡ್ಯಾಕ್ರಾನ್ ಬಟ್ಟೆ. ಒಂದೇ ಕೈಯಲ್ಲಿ ಎತ್ತಬಹುದು.

ಲಂಗರಪ್ಪ
ಚಿಪ್ಪು ಅಂಟಿದ ಬಂಡೆ ಮೇಲೆ ಅದನ್ನು ಒಂದೇ ಒಂದು ಸಲ ಎಳೆಯಬಹುದು.

ನೀಲಿಹಾಯಿ
😄 ನಮ್ಮ ದಡಗಳಿಗೆ ಅದು ಆಗಲ್ಲ. ಸರಿ, ಇನ್ನೊಂದು ಪ್ರಶ್ನೆ. ದಿನದ ಚಿಕ್ಕ ಪ್ರಯಾಣಕ್ಕೆ ಡೆಕ್ ಮೇಲೆ ಎತ್ತದೆ ಹಿಂದೆ ಎಳೆದುಕೊಂಡು ಹೋಗಬಹುದಾ? ಅಥವಾ ಡೇವಿಟ್ (ದೋಣಿಯ ಹಿಂದೆ ಡಿಂಗಿ ನೇತು ಹಾಕುವ ಕಂಬಿ) ಹಾಕಿಸಲಾ?

ಹಳೇಕ್ಯಾಪ್ಟನ್
ಶಾಂತ ನೀರಿನಲ್ಲಿ ಎಳೆಯಿರಿ. ಗಟ್ಟಿ ಡಿಂಗಿ ಎಳೆಯಲು ಗಾಳಿ ಡಿಂಗಿಗಿಂತ ಹಗುರ. ಹುಟ್ಟು, ಮೋಟಾರು ತೆಗೆದಿಡಿ. ಹಗ್ಗ ನೀರಿನ ಮೇಲೆ ತೇಲುವಂಥದ್ದು ಇರಲಿ, ಇಲ್ಲದಿದ್ದರೆ ರಿವರ್ಸ್ ಹಾಕಿದಾಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಡಿಂಗಿ ನಿಮ್ಮ ಹಿಂದಿನ ಅಲೆಯ ಇಳಿಜಾರಿನಲ್ಲಿ ಕೂರದ ಹಾಗೆ ಹಗ್ಗದ ಉದ್ದ ಹೊಂದಿಸಿ. ಹಿಂದಿನಿಂದ ಅಲೆ ಬರುವಾಗ ಎಳೆಯಬೇಡಿ, ಅದು ಓಡಿ ಬಂದು ನಿಮಗೇ ಗುದ್ದುತ್ತದೆ. ತೆರೆದ ಸಮುದ್ರಕ್ಕಂತೂ ಬೇಡವೇ ಬೇಡ.

ಡೇವಿಟ್ ಲಂಗರು ಜಾಗದಲ್ಲಿ ಅನುಕೂಲ. ದೂರ ಹೋಗುವಾಗ ಅಲ್ಲಿ ಡಿಂಗಿ ನೇತು ಹಾಕಬೇಡಿ. ಹಿಂದಿನ ಅಲೆ ಒಂದು ಸಲ ತುಂಬಿದರೆ ಎಂಟಡಿ ಡಿಂಗಿಯಲ್ಲಿ ಅರ್ಧ ಟನ್‌ಗಿಂತ ಜಾಸ್ತಿ ನೀರು. ಡೇವಿಟ್, ಅದರ ಬೋಲ್ಟು, ಡೆಕ್ಕಿನ ಚೂರು ಎಲ್ಲ ಒಟ್ಟಿಗೆ ಹೋಗುತ್ತದೆ. ಮಳೆ ನೀರಿಗೂ ಇದೇ ಮಾತು, ತಳದ ಬಿರಡೆ ತೆಗೆದಿಡಿ.

ಕಡಲಹಕ್ಕಿ
ಡೆಕ್ ಮೇಲೆ ಎತ್ತುವ ವಿಧಾನ ಇಬ್ಬರಿಗೆ ಸುಲಭ. ಹ್ಯಾಲ್ಯರ್ಡನ್ನು ಡಿಂಗಿಯ ಮೂತಿಗೆ ಕಟ್ಟಿ ನೇರ ನಿಲ್ಲುವ ಹಾಗೆ ಎತ್ತಿ. ಹಿಂಭಾಗ ಡೆಕ್ ಮೇಲೆ ಊರಿದ ಮೇಲೆ ಅಲ್ಲೇ ತಿರುಗಿಸಿ ಮಗುಚಿ ಇಳಿಸಿ. ಒಬ್ಬರು ವಿಂಚ್ ಹತ್ತಿರ, ಒಬ್ಬರು ಡಿಂಗಿ ಹತ್ತಿರ. ಗಾಳಿ ಜೋರಿದ್ದರೆ ಹಿಂಭಾಗಕ್ಕೂ ಒಂದು ಹಗ್ಗ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅದು ಹಾಯಿಯ ಹಾಗೆ ತಿರುಗಾಡುತ್ತದೆ. ರಾತ್ರಿ ಲಂಗರು ಜಾಗದಲ್ಲಿ ಮೂರು ಕಡೆ ಹಗ್ಗ ಕಟ್ಟಿ ನೀರಿನಿಂದ ಮೇಲೆ ಎತ್ತಿ ಬದಿಗೆ ತೂಗು ಹಾಕಿದರೆ ಕಳ್ಳರ ಭಯವೂ ಇಲ್ಲ, ರಾತ್ರಿಯಿಡೀ ಡಬ್ ಡಬ್ ಅಂತ ಬಡಿಯುವ ಶಬ್ದವೂ ಇಲ್ಲ.

ಸುಮ್ನೆ_ಓದುಗ
ಗಟ್ಟಿ ಡಿಂಗಿ ಇದ್ದರೆ ಲೈಫ್ ರಾಫ್ಟ್ (ದೋಣಿ ಮುಳುಗಿದಾಗ ಹತ್ತುವ ಗಾಳಿ ತೆಪ್ಪ) ಬೇಡ ಅಂತ ಕೆಲವರು ಹೇಳ್ತಾರೆ. ನಿಜವಾ?

ತೇಲುಬೆಂಡು
ಆ ವಾದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಾಬರ್ಟ್‌ಸನ್ ಕುಟುಂಬ. 1972ರಲ್ಲಿ ಪೆಸಿಫಿಕ್‌ನಲ್ಲಿ ಓರ್ಕಾ ತಿಮಿಂಗಿಲಗಳು ಗುದ್ದಿ ಅವರ ಲೂಸೆಟ್ ದೋಣಿ ಮುಳುಗಿತು. ಗಾಳಿ ರಾಫ್ಟ್ ಎರಡು ವಾರ ಕಳೆದ ಮೇಲೆ ಕೈಕೊಟ್ಟಿತು. ಆಮೇಲೆ ಆರು ಜನ ಎಡ್ನಾಮೇರ್ ಅನ್ನುವ ಚಿಕ್ಕ ಫೈಬರ್‌ಗ್ಲಾಸ್ ಡಿಂಗಿಯಲ್ಲಿ ಉಳಿದರು. ಒಟ್ಟು 38 ದಿನ. ಜಪಾನಿನ ಮೀನುಗಾರಿಕಾ ಹಡಗು ಅವರನ್ನು ಎತ್ತಿಕೊಂಡಿತು. ಆ ಡಿಂಗಿ ಈಗ ಇಂಗ್ಲೆಂಡಿನ ಫಾಲ್ಮತ್‌ನ ಕಡಲ ಮ್ಯೂಸಿಯಂನಲ್ಲಿದೆ.

ಹಳೇಕ್ಯಾಪ್ಟನ್
ಆ ಉದಾಹರಣೆಯನ್ನು ಅರ್ಧ ಹೇಳಬೇಡಿ. ಮೊದಲ ದಿನಗಳಲ್ಲಿ ಅವರನ್ನು ಕಾಪಾಡಿದ್ದು ರಾಫ್ಟೇ. ಆರು ಜನ ಕೂತ ಡಿಂಗಿಯ ಅಂಚು ನೀರಿಗಿಂತ ಅಂಗೈಯಷ್ಟು ಮೇಲಿತ್ತು. ಬಿರುಗಾಳಿಯಲ್ಲಿ ಮಗುಚಿ ಹಾಕಿ ಕಟ್ಟಿದ ಡಿಂಗಿಯ ಹಗ್ಗ ಬಿಚ್ಚಿ, ತಿರುಗಿಸಿ, ಹತ್ತುವಷ್ಟರಲ್ಲಿ ದೋಣಿ ಮುಳುಗಿರುತ್ತದೆ. ಎರಡೂ ಇರಲಿ.

ದೂರತೀರ
ಅದಕ್ಕೇ ಅಂತಲೇ ಮಾಡಿದ ಡಿಂಗಿ ಇದೆ, ಪೋರ್ಟ್‌ಲ್ಯಾಂಡ್ ಪಜಿ. ಜೋಡಿ ಗೋಡೆಯ ಪ್ಲಾಸ್ಟಿಕ್, ಮೇಲೆ ಹೊದಿಕೆ, ಹಾಯಿ ಕೂಡ ಹಾಕಬಹುದು. ಆದರೆ 58 ಕೆಜಿ. 35ರ ಲೆಕ್ಕಕ್ಕೆ ಬರಲ್ಲ.

ಹುಟ್ಟುಗೋಲು
ರಾಫ್ಟ್ ವಿಷಯಕ್ಕೆ ಇಷ್ಟು ಜಗಳ ಆಡುತ್ತೇವೆ. ಆದರೆ ಅಪಾಯ ಜಾಸ್ತಿ ಇರುವುದು ದಡದಿಂದ ದೋಣಿಗೆ ವಾಪಸ್ ಬರುವ ಆ ಕತ್ತಲ ಹಾದಿಯಲ್ಲಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಟಾರ್ಚ್ ಇಟ್ಟುಕೊಳ್ಳಿ, ಮೋಟಾರು ಇದ್ದರೆ ಕಿಲ್ ಕಾರ್ಡ್ (ನೀವು ಬಿದ್ದರೆ ಮೋಟಾರು ನಿಲ್ಲಿಸುವ ದಾರ) ಕೈಗೆ ಕಟ್ಟಿಕೊಳ್ಳಿ.

ಸುಮ್ನೆ_ಓದುಗ
ಡಿಂಗಿಗೆ ಕೆಂಪು ಹಸಿರು ದೀಪ ಕಡ್ಡಾಯ ಅಲ್ವಾ?

ಅಳತೆಪಟ್ಟಿ
ಹುಟ್ಟಿನ ದೋಣಿಗೆ ಕಡ್ಡಾಯ ಅಲ್ಲ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 25ನೆಯದರ ಪ್ರಕಾರ ಬಿಳಿ ಟಾರ್ಚ್ ಕೈಯಲ್ಲಿ ಸಿದ್ಧ ಇದ್ದು, ಡಿಕ್ಕಿ ತಪ್ಪಿಸುವಷ್ಟು ಮೊದಲೇ ತೋರಿಸಿದರೆ ಸಾಕು. ಮೋಟಾರು ಹಾಕಿದರೆ ನಿಯಮ 23. 7 ಮೀಟರ್‌ಗಿಂತ ಚಿಕ್ಕದು, 7 ನಾಟ್‌ಗಿಂತ ಜಾಸ್ತಿ ಓಡದ್ದು ಆದರೆ ಸುತ್ತಲೂ ಕಾಣುವ ಒಂದು ಬಿಳಿ ದೀಪ. ಸಾಧ್ಯವಾದರೆ ಬದಿ ದೀಪಗಳನ್ನೂ ಹಾಕಬೇಕು.

ನೀಲಿಹಾಯಿ
ಇಷ್ಟೆಲ್ಲ ಬರೆದವರಿಗೆ ಥ್ಯಾಂಕ್ಸ್. ರಟ್ಟಿನ ಡಿಂಗಿ ಮಾಡಿ ಡೆಕ್ ಮೇಲೆ ಇಟ್ಟೆವು. 2.35 ಮೀಟರ್ ಸರಿಯಾಗಿ ಕೂರುತ್ತದೆ. ಅಗಲ ಮಾತ್ರ 1.2ಕ್ಕೆ ಇಳಿಸಬೇಕಾಯಿತು, ಬದಿಯಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ನೆಸ್ಟಿಂಗ್ ನನಗೆ ಇಷ್ಟವಾಗಿತ್ತು, ಹೆಂಡತಿ ಕಡಲಹಕ್ಕಿ ಮೇಡಂ ಪಕ್ಷ. ಹಾಗಾಗಿ ಪ್ಲೈವುಡ್ ಪ್ರಾಮ್, ನಾವೇ ಕಟ್ಟುವುದು. ಹಾಯಿ ಬೇಡ, ಡ್ಯಾಗರ್‌ಬೋರ್ಡ್ ಪೆಟ್ಟಿಗೆಯೂ ಬೇಡ, ಆ ಜಾಗ ಕಾಲಿಗೆ ಇರಲಿ. ಮೂರನೆಯವರು ಬಂದಾಗ ಅಲೆ ಇದ್ದರೆ ಎರಡು ಸಲ ಹೋಗಿಬರುತ್ತೇವೆ.

ಹುಟ್ಟಿನ ಉದ್ದ ಎಷ್ಟಿರಬೇಕು?

ಹುಟ್ಟುಗೋಲು
ಓರ್‌ಲಾಕ್‌ಗಳ ನಡುವಿನ ಅಂತರದ ಎರಡು ಪಟ್ಟು ಅನ್ನುವುದು ಸುಮಾರಾದ ಲೆಕ್ಕ. 1.2ಕ್ಕೆ 2.4 ಆಗುತ್ತದೆ. ಆದರೆ ಹುಟ್ಟು ಡಿಂಗಿಯೊಳಗೆ ಮಲಗಬೇಕಲ್ಲ, ಅದಕ್ಕೆ 2.1 ಮಾಡಿ. ಓರ್‌ಲಾಕ್ ಸೀಟಿನ ಹಿಂದಿನ ಅಂಚಿನಿಂದ 30 ಸೆಂಟಿಮೀಟರ್ ಹಿಂಭಾಗದ ಕಡೆಗೆ ಇರಲಿ. ಕಾಲು ಊರಲು ಒಂದು ಅಡ್ಡಪಟ್ಟಿ ಹಾಕಿ.

ಹಳೇಕ್ಯಾಪ್ಟನ್
2.1 ಗಿಡ್ಡ ಆಯಿತು. 2.2 ಮಾಡಿ, ಮೂಲೆಯಿಂದ ಮೂಲೆಗೆ ಇಟ್ಟರೆ ಹಿಡಿಯುತ್ತದೆ.

ಹುಟ್ಟುಗೋಲು
ಮೂಲೆಯಿಂದ ಮೂಲೆಗೆ ಇಟ್ಟರೆ ಸೀಟು ಅಡ್ಡ ಬರುತ್ತೆ ಸರ್.

ಹಳೇಕ್ಯಾಪ್ಟನ್
ಸೀಟಿನ ಮೇಲೆ ಇಡಿ.

ಎಪಾಕ್ಸಿ_ಕೈ
ಮಗುಚಿ ಹಾಕಿದಾಗ ಅವು ಕೆಳಗೆ ಬೀಳದ ಹಾಗೆ ಸೀಟಿನ ಕೆಳಗೆ ಎರಡು ಕುಣಿಕೆ ಹಗ್ಗ ಕಟ್ಟಿಬಿಡಿ, ಮುಗೀತು. ನೀಲಿಹಾಯಿ ಅವರೇ, ಎಪಾಕ್ಸಿ ಕಲಸುವಾಗ ಕೈಗವಸು ಮರೆಯಬೇಡಿ. ಮೊದಲ ತುಂಡು ಹೊಲಿದ ಮೇಲೆ ಫೋಟೋ ಹಾಕಿ.

ಗಾಳಿಚೀಲ
ನಿಮ್ಮ ಹಳೆಯ ಗಾಳಿ ಡಿಂಗಿ ಏನು ಮಾಡ್ತೀರಿ? ಟ್ಯೂಬ್ ಬಟ್ಟೆ ಚೆನ್ನಾಗಿದ್ದರೆ ಬರಿ ಅಂಟಿಸುವ ಕೆಲಸ ತಾನೇ, ನನಗೆ ಕೊಡಿ.